36ನೇ ವಯಸ್ಸಿಗೆ ಎಡಿಎಚ್‌ಡಿ ಎಲ್ಲಿಂದ ಬಂತು?

ಪ್ರಿಯ ಮೇಷ್ಟ್ರಿಗೆ ನಮಸ್ಕಾರ.

ಹೆಸರು, ಊರು ಹಾಕಬೇಡಿ ಎಂದು ಬರೆದಿದ್ದೀರಿ. ಹಾಕಿಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ಇಷ್ಟು ಹೇಳುತ್ತೇನೆ. ನೀವು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗನಿಗೆ 36 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅವರಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಇದೆ ಎಂದು ಮನೋವೈದ್ಯರು ಹೇಳಿ ಮಾತ್ರೆ ಶುರು ಮಾಡಿದ್ದಾರೆ. ನೀವು ಕೇಳುತ್ತೀರಿ: "ಇಷ್ಟು ವರ್ಷ ಪಾಠ ಮಾಡಿದೆ. ತುಂಟರನ್ನು ನೋಡಿದೆ, ಸೋಮಾರಿಗಳನ್ನು ನೋಡಿದೆ. ಈ ಕಾಯಿಲೆ ಮಾತ್ರ ಕೇಳಿರಲಿಲ್ಲ. ಇದು ಔಷಧ ಕಂಪನಿಗಳು ಹುಟ್ಟಿಸಿದ್ದಲ್ಲವೇ? ಇದ್ದರೂ ಅದು ಮಕ್ಕಳದ್ದು. ಎಂಜಿನಿಯರಿಂಗ್ ಪಾಸಾಗಿ, ಮದುವೆಯಾಗಿ, ಮಗಳಿರುವವನಿಗೆ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು? ಆ ಮಾತ್ರೆ ಚಟವಾದರೆ?"

ನಿಮ್ಮ ಸಿಟ್ಟಿನ ಹಿಂದೆ ಮಗನ ಬಗ್ಗೆ ದಿಗಿಲಿದೆ. ಅದು ಕಾಗದದ ತುಂಬ ಕಾಣುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಕಂಪನಿಗಳ ಮಾತು ಮೊದಲು ಮುಗಿಸೋಣ. ಅಮೆರಿಕದಲ್ಲಿ ಈ ಮಾತ್ರೆಗಳಿಗೆ ಭಾರಿ ಜಾಹೀರಾತು ನಡೆದಿದೆ. ಆ ಬಗ್ಗೆ ನಿಮ್ಮ ಅನುಮಾನ ಸರಿಯಾದದ್ದೇ. ಆದರೆ ಈ ತೊಂದರೆಯನ್ನು ವೈದ್ಯರು ಬರೆದಿಟ್ಟದ್ದು ಮಾತ್ರೆ ಹುಟ್ಟುವುದಕ್ಕೆ ಬಹಳ ಮೊದಲು. 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಯಾವುದರಲ್ಲೂ ಮನಸ್ಸು ನಿಲ್ಲದವರ ಬಗ್ಗೆ ತಮ್ಮ ಪುಸ್ತಕದಲ್ಲಿ ಬರೆದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಸರಣಿ ಉಪನ್ಯಾಸ ಕೊಟ್ಟರು. ಈಗ ಜಾಸ್ತಿ ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ ತಯಾರಾದದ್ದು 1944ರಲ್ಲಿ, ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ. ತೊಂದರೆ ಮೊದಲು, ಮಾತ್ರೆ ಆಮೇಲೆ.

ನಿಮ್ಮ ಎರಡನೇ ಪ್ರಶ್ನೆ ಗಟ್ಟಿಯಾದದ್ದು. ದೊಡ್ಡವರಿಗೆ ಎಲ್ಲಿಂದ ಬಂತು ಎಂಬ ಇದೇ ಪ್ರಶ್ನೆ ಮನೋವೈದ್ಯ ಸಂಶೋಧಕರನ್ನೂ ವರ್ಷಗಟ್ಟಲೆ ಕಾಡಿದೆ. 1970ರ ದಶಕದವರೆಗೆ ಬಹುತೇಕ ವೈದ್ಯರು ನಿಮ್ಮ ಹಾಗೇ ನಂಬಿದ್ದರು: ಇದು ಮಕ್ಕಳ ತೊಂದರೆ, ಬೆಳೆದ ಮೇಲೆ ಹೋಗುತ್ತದೆ. ಅಮೆರಿಕದ ಯೂಟಾದಲ್ಲಿದ್ದ ಮನೋವೈದ್ಯ ಪಾಲ್ ವೆಂಡರ್ ಮತ್ತು ಅವರ ಸಂಗಡಿಗರು ಇದನ್ನು ಒಪ್ಪಲಿಲ್ಲ. 1976ರಲ್ಲಿ ಅವರು 15 ಜನ ದೊಡ್ಡವರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಗಮನ ನಿಲ್ಲದಿರುವುದು, ಚಡಪಡಿಕೆ, ಮುಂಗೋಪ ಇವೆಲ್ಲ ಅವರಿಗೆ ಬಾಲ್ಯದಿಂದಲೂ ಇದ್ದವು. ವಯಸ್ಸಾದರೂ ಹೋಗಿರಲಿಲ್ಲ. ಚಿಕ್ಕ ಅಧ್ಯಯನವೇ. ಆದರೂ ಬಾಗಿಲು ತೆರೆಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ, ಬಾಲ್ಯದ ತೊಂದರೆ ಕೆಲವರಲ್ಲಿ ದೊಡ್ಡವರಾದ ಮೇಲೂ ಉಳಿಯಬಹುದು ಎಂದು ಒಪ್ಪಿತು.

ವೆಂಡರ್ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರೋಗಿಯ ಬಾಲ್ಯ ಹೇಗಿತ್ತು ಎಂದು ವಿಚಾರಿಸದೆ ರೋಗ ಹೆಸರಿಸಬಾರದು, ಸಾಧ್ಯವಾದರೆ ಅಪ್ಪ ಅಮ್ಮನನ್ನೇ ಕೇಳಬೇಕು ಎನ್ನುತ್ತಿದ್ದರು. ಈಗಿನ ಕೈಪಿಡಿಯೂ ಅದೇ ದಾರಿಯಲ್ಲಿದೆ. 2013ರ ಆವೃತ್ತಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಇದ್ದಿರಬೇಕು. ಮನೆ, ಕೆಲಸದ ಜಾಗ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಬದುಕಿಗೆ ನಿಜವಾದ ಅಡ್ಡಿಯಾಗಿರಬೇಕು. ರಕ್ತ ಪರೀಕ್ಷೆಯಿಂದಾಗಲಿ ಮಿದುಳಿನ ಸ್ಕ್ಯಾನ್‌ನಿಂದಾಗಲಿ ಇದನ್ನು ಪತ್ತೆ ಮಾಡಲು ಆಗುವುದಿಲ್ಲ. ಯಾರಾದರೂ ಸ್ಕ್ಯಾನ್ ಮಾಡಿ ಹೇಳುತ್ತೇವೆ ಎಂದರೆ ದುಡ್ಡು ಕೊಡಬೇಡಿ.

ಈಗ ಬಾಲ್ಯದ ಮಾತು ಯಾಕೆ ಇಷ್ಟು ಮುಖ್ಯ ಎಂದು ಹೇಳುತ್ತೇನೆ. ನ್ಯೂಜಿಲೆಂಡಿನ ಡನೀಡಿನ್ ಎಂಬ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಮೂರನೇ ವಯಸ್ಸಿನಿಂದಲೂ ಬಿಡದೆ ಹಿಂಬಾಲಿಸಿದ್ದಾರೆ. ಹಲ್ಲು, ಶ್ವಾಸಕೋಶ, ಓದು, ಮನಸ್ಸು, ಎಲ್ಲವನ್ನೂ ಕೆಲವು ವರ್ಷಕ್ಕೊಮ್ಮೆ ಕರೆಸಿ ಅಳೆಯುತ್ತಾರೆ. ಅವರಿಗೆ 38 ವರ್ಷವಾದಾಗ ಎಡಿಎಚ್‌ಡಿ ಲಕ್ಷಣ ಯಾರಲ್ಲಿದೆ ಎಂದು ನೋಡಿದರು. ಸುಮಾರು ಶೇ. 3ರಷ್ಟು ಜನ ಸಿಕ್ಕರು. ಬಾಲ್ಯದಲ್ಲಿ ಇದ್ದವರು ಶೇ. 6. ಅದೇ ಮಕ್ಕಳು ಬೆಳೆದು ಈ ಶೇ. 3 ಆಗಿದ್ದಾರೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗಿರಲಿಲ್ಲ. ಎರಡೂ ಪಟ್ಟಿಯಲ್ಲಿ ಇದ್ದವರು ಮೂವರು ಮಾತ್ರ. 38ರಲ್ಲಿ ಲಕ್ಷಣ ಇದ್ದವರಲ್ಲಿ ಶೇ. 90ರಷ್ಟು ಜನರಿಗೆ ಬಾಲ್ಯದಲ್ಲಿ ಎಡಿಎಚ್‌ಡಿ ಇದ್ದ ದಾಖಲೆಯೇ ಇರಲಿಲ್ಲ.

2015ರಲ್ಲಿ ಇದು ಪ್ರಕಟವಾದಾಗ ದೊಡ್ಡ ಚರ್ಚೆಯೇ ಎದ್ದಿತು. ಮರುವರ್ಷ ಬ್ರೆಜಿಲ್ ಮತ್ತು ಬ್ರಿಟನ್ನಿನ ಇಂಥವೇ ಅಧ್ಯಯನಗಳು ಅದೇ ಧಾಟಿಯಲ್ಲಿ ಹೇಳಿದವು. ದೊಡ್ಡವರಾದ ಮೇಲೆ ಶುರುವಾಗುವ ಬೇರೆಯೇ ಒಂದು ಎಡಿಎಚ್‌ಡಿ ಇದೆಯೇ ಎಂಬ ಪ್ರಶ್ನೆ ಬಂತು.

2018ರಲ್ಲಿ ಅಮೆರಿಕದ ಸಂಶೋಧಕಿ ಮಾರ್ಗರೆಟ್ ಸಿಬ್ಲಿ ಮತ್ತು ಸಂಗಡಿಗರು ಇದನ್ನು ಬೇರೆ ದಾರಿಯಿಂದ ಪರಿಶೀಲಿಸಿದರು. ಬಾಲ್ಯದಲ್ಲಿ ಎಡಿಎಚ್‌ಡಿ ಇರದ 239 ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದ್ದ ಮಾಹಿತಿ ಅವರ ಕೈಲಿತ್ತು. ಪ್ರಶ್ನಾವಳಿ ನೋಡಿ ಸುಮ್ಮನಾಗಲಿಲ್ಲ. ತಡವಾಗಿ ಲಕ್ಷಣ ಕಂಡ ಒಬ್ಬೊಬ್ಬರ ಕಡತವನ್ನೂ ಬಿಚ್ಚಿ ಕೂತರು. ಲಕ್ಷಣ ಯಾವಾಗ ಶುರುವಾಯಿತು, ಆಗ ಬದುಕಿನಲ್ಲಿ ಏನು ನಡೆಯುತ್ತಿತ್ತು, ಒಂದೇ ಕಡೆ ಕಾಣುತ್ತಿತ್ತೋ ಎಲ್ಲ ಕಡೆಯೋ ಎಂದೆಲ್ಲ ನೋಡಿದರು. ಕೊನೆಗೆ ಸುಮಾರು ಶೇ. 95ರಷ್ಟು ಜನ ಪಟ್ಟಿಯಿಂದ ಹೊರಗೆ ಬಿದ್ದರು. ಕೆಲವರಿಗೆ ಗಾಂಜಾದಂಥ ಅಮಲು ಪದಾರ್ಥದ ಪರಿಣಾಮ. ಕೆಲವರಿಗೆ ಬೇರೆ ಮಾನಸಿಕ ತೊಂದರೆ. ಇನ್ನು ಕೆಲವರ ಲಕ್ಷಣ ಅಡ್ಡಿಯಾಗುವಷ್ಟು ಇರಲೇ ಇಲ್ಲ.

2021ರಲ್ಲಿ ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಮಾಡಿದ ಲೆಕ್ಕವನ್ನೂ ನೋಡಿ. ಈಗಿನ ಲಕ್ಷಣ ಮಾತ್ರ ಕೇಳಿದರೆ ದೊಡ್ಡವರಲ್ಲಿ ಶೇ. 6.76. ಬಾಲ್ಯದಿಂದ ಇತ್ತೇ ಎಂದೂ ಕೇಳಿದರೆ ಶೇ. 2.58. ಆ ಒಂದು ಪ್ರಶ್ನೆ ಕೇಳಿದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಜನ ಉದುರಿಹೋಗುತ್ತಾರೆ. ಮೊಬೈಲಿನಲ್ಲಿ ಒಂದು ನಿಮಿಷದ ರೀಲ್ ನೋಡಿ "ನನಗೂ ಇದೆ" ಎಂದುಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ನಿದ್ದೆಗೆಟ್ಟರೂ, ಖಿನ್ನತೆ, ಆತಂಕ, ಥೈರಾಯ್ಡ್ ತೊಂದರೆ ಇದ್ದರೂ ಗಮನ ಚದುರುತ್ತದೆ. ಅವಕ್ಕೆ ಮದ್ದು ಬೇರೆ.

ಮೇಷ್ಟ್ರೇ, ಇಲ್ಲಿ ನಿಮ್ಮ ಕಾಗದದ ಮೂರನೇ ಪುಟಕ್ಕೆ ಬರುತ್ತೇನೆ. ಮಗನ ಬೇಜವಾಬ್ದಾರಿಗೆ ಉದಾಹರಣೆ ಎಂದು ನೀವು ಬರೆದದ್ದನ್ನು ಇಲ್ಲಿ ಕೊಡುತ್ತೇನೆ. ಐದನೇ ಕ್ಲಾಸಿನಲ್ಲಿದ್ದಾಗ ಸೈಕಲ್ಲನ್ನು ಲೈಬ್ರರಿ ಮುಂದೆ ಮರೆತು ನಡೆದುಕೊಂಡೇ ಮನೆಗೆ ಬರುತ್ತಿದ್ದ. ಕತ್ತಲಾದ ಮೇಲೆ ನೀವು ಹೋಗಿ ತರುತ್ತಿದ್ದಿರಿ. ಲೆಕ್ಕ ಸರಿ ಮಾಡಿ ಉತ್ತರ ಬರೆಯುವುದನ್ನೇ ಬಿಡುತ್ತಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಗ್ಗೆ ಹಾಲ್ ಟಿಕೆಟ್ ಟಿವಿ ಮೇಲೆ ಬಿಟ್ಟು ಹೋಗಿದ್ದ. ದಿನಾ ಬೆಳಗ್ಗೆ ಅವರಮ್ಮ ಬ್ಯಾಗ್ ಬಿಚ್ಚಿ, ಟೈಮ್‌ಟೇಬಲ್ ನೋಡಿ ಪುಸ್ತಕ ಜೋಡಿಸುತ್ತಿದ್ದರು, ಪಿಯುಸಿ ಮುಗಿಯುವವರೆಗೂ.

ಮನೋವೈದ್ಯರು ಇದನ್ನು ಓದಿದರೆ ಸಾಲು ಸಾಲಿಗೂ ಗೆರೆ ಎಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ತಯಾರಿಸಿದ, ದೊಡ್ಡವರಿಗೆಂದೇ ಇರುವ 18 ಪ್ರಶ್ನೆಗಳ ಪಟ್ಟಿಯೊಂದಿದೆ. ಅದರ ಮೊದಲನೇ ಪ್ರಶ್ನೆಯೇ, ಕಷ್ಟದ ಭಾಗ ಮುಗಿದ ಮೇಲೆ ಉಳಿದ ಚಿಕ್ಕಪುಟ್ಟದ್ದನ್ನು ಮುಗಿಸಲು ಒದ್ದಾಡುತ್ತೀರಾ ಎಂಬುದು. ಲೆಕ್ಕ ಮಾಡಿ ಉತ್ತರ ಬರೆಯದ ಹುಡುಗ ಅಲ್ಲೇ ಇದ್ದಾನೆ. ಬುದ್ಧಿವಂತ ಮಕ್ಕಳಲ್ಲಿ ಇದು ಬೇಗ ಬಯಲಾಗುವುದಿಲ್ಲ. ಮನೆಯವರು ಬೆನ್ನಿಗಿದ್ದರೆ ಇನ್ನೂ ತಡ. ಅಮ್ಮ ಜೋಡಿಸುತ್ತಿದ್ದ ಬ್ಯಾಗು ಇಪ್ಪತ್ತು ವರ್ಷ ತಡೆ ಹಿಡಿಯಿತು. ಈಗ ಟೀಮ್ ನೋಡಿಕೊಳ್ಳಬೇಕು, ಹೋಮ್ ಲೋನ್ ಕಂತು ಕಟ್ಟಬೇಕು, ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಬೇಕು. ಜೋಡಿಸಿಕೊಡುವವರು ಯಾರೂ ಇಲ್ಲ. 36ರಲ್ಲಿ ಬಂದದ್ದಲ್ಲ ಇದು, 36ರಲ್ಲಿ ಕಂಡದ್ದು ಎನ್ನುವುದಕ್ಕೆ ನಿಮ್ಮ ಕಾಗದವೇ ಸಾಕ್ಷಿಯ ಹಾಗಿದೆ. ಹೌದು ಇಲ್ಲ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ, ನನ್ನದಲ್ಲ. ಆದರೆ ಅವರ ಮುಂದೆ ಈ ಮಾತುಗಳು ಇರಲೇಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಡನೀಡಿನ್‌ನಲ್ಲಿ ಬಾಲ್ಯದಲ್ಲೇ ಎಡಿಎಚ್‌ಡಿ ದಾಖಲಾಗಿದ್ದವರ ಅಪ್ಪ ಅಮ್ಮಂದಿರನ್ನು, ಮಕ್ಕಳಿಗೆ 38 ಆದಾಗ ಮತ್ತೆ ಕೇಳಿದರು. ಹೆಚ್ಚಿನವರಿಗೆ ನೆನಪೇ ಇರಲಿಲ್ಲ. ನಿಮಗೆ ಇಷ್ಟು ಸ್ಪಷ್ಟವಾಗಿ ನೆನಪಿದೆ. ಹಳೆಯ ಮಾರ್ಕ್ಸ್ ಕಾರ್ಡು, ಕ್ಲಾಸ್ ಟೀಚರ್ ಬರೆದ ಷರಾ ಇದ್ದರೆ ಹುಡುಕಿ. ಮುಂದಿನ ಸಲ ಮಗ ವೈದ್ಯರ ಹತ್ತಿರ ಹೋಗುವಾಗ, ಅವರು ಒಪ್ಪಿದರೆ, ನೀವೂ ಜೊತೆಗೆ ಹೋಗಿ. ಬಾಲ್ಯದ ವಿಚಾರಣೆಯೇ ಆಗಿಲ್ಲ, ಹತ್ತು ನಿಮಿಷದಲ್ಲಿ ಚೀಟಿ ಬರೆದುಕೊಟ್ಟರು ಎಂದು ಗೊತ್ತಾದರೆ ಇನ್ನೊಬ್ಬ ಮನೋವೈದ್ಯರ ಅಭಿಪ್ರಾಯ ಪಡೆಯಿರಿ. ದಾರಿ ಗೊತ್ತಿಲ್ಲದ ಓದುಗರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಮಾತ್ರೆಯ ಭಯ. ನಮ್ಮ ದೇಶದಲ್ಲಿ ಮೀಥೈಲ್‌ಫೆನಿಡೇಟ್ ಮಾದಕ ವಸ್ತು ಕಾಯ್ದೆಯ ನಿಯಂತ್ರಣದಲ್ಲಿದೆ. ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುವುದಿಲ್ಲ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ದುರುಪಯೋಗ ಆಗಬಹುದು ಎಂಬ ಕಾರಣಕ್ಕೇ ಈ ಕಟ್ಟುಪಾಡು. ಆದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ನುಂಗುವವರ ಕಥೆ ಬೇರೆ. ಸ್ವೀಡನ್ನಿನಲ್ಲಿ ಇಡೀ ದೇಶದ ಆರೋಗ್ಯ ದಾಖಲೆ ಇಟ್ಟುಕೊಂಡು ನೋಡಿದಾಗ, ಮಾತ್ರೆ ತೆಗೆದುಕೊಂಡ ಎಡಿಎಚ್‌ಡಿ ರೋಗಿಗಳಲ್ಲಿ ಚಟದ ತೊಂದರೆ ಹೆಚ್ಚಿರಲಿಲ್ಲ, ಕಡಿಮೆಯೇ ಇತ್ತು. ಅಲ್ಲಿಯದೇ ಇನ್ನೊಂದು ಅಧ್ಯಯನ 17,408 ರೋಗಿಗಳ ರಸ್ತೆ ಅಪಘಾತಗಳನ್ನು ನೋಡಿತು. ಗಂಡಸರಲ್ಲಿ, ಅದೇ ವ್ಯಕ್ತಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಭೀರ ಅಪಘಾತದ ಸಾಧ್ಯತೆ ಶೇ. 58ರಷ್ಟು ಕಡಿಮೆ. ನಿಮ್ಮ ಮಗ ದಿನಾ ಬೈಕಿನಲ್ಲಿ ಔಟರ್ ರಿಂಗ್ ರೋಡ್ ದಾಟುತ್ತಾರೆ ಎಂದು ಬರೆದಿದ್ದೀರಿ, ಅದಕ್ಕೇ ಇದನ್ನು ಹೇಳಿದೆ.

ಮಾತ್ರೆಯಲ್ಲಿ ತೊಡಕೇ ಇಲ್ಲ ಎನ್ನುತ್ತಿಲ್ಲ. ಹಸಿವು ಕಡಿಮೆಯಾಗಬಹುದು, ನಿದ್ದೆ ಬರದೆ ಹೋಗಬಹುದು, ಎದೆಬಡಿತ ಮತ್ತು ಬಿಪಿ ಸ್ವಲ್ಪ ಏರಬಹುದು. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿಪಿಯಂಥ ತೊಂದರೆ ಸ್ವಲ್ಪ ಹೆಚ್ಚು ಎಂದು ಸ್ವೀಡನ್ನಿನ ಇನ್ನೊಂದು ಅಧ್ಯಯನ ಹೇಳಿದೆ. ನನಗೆ ಸಮಾಧಾನ ಇಲ್ಲದಿರುವುದು ಒಂದು ವಿಷಯದಲ್ಲಿ: ಇಂಥ ಔಷಧಗಳ ಪ್ರಯೋಗಗಳಲ್ಲಿ ಹೆಚ್ಚಿನವು ಹನ್ನೆರಡು ವಾರದ ಆಸುಪಾಸಿನವು. ಜನ ಮಾತ್ರೆ ನುಂಗುವುದು ವರ್ಷಗಟ್ಟಲೆ. ದೀರ್ಘ ಕಾಲದ ಒಳ್ಳೆಯ ಪ್ರಯೋಗಗಳು ಇನ್ನೂ ಸಾಲದು. ನಿಮ್ಮ ಮನೆಯಲ್ಲಿ ಬಿಪಿ ಇದೆ ಎಂದಿದ್ದೀರಿ. ವೈದ್ಯರಿಗೆ ಅದನ್ನು ಹೇಳಿದ್ದಾರಾ ಎಂದು ಮಗನನ್ನು ಇವತ್ತೇ ಕೇಳಿ. ಬಿಪಿ ಆಗಾಗ ನೋಡಿಸಲಿ. ಮಾತ್ರೆಯ ಜೊತೆಗೆ, ದಿನಚರಿ ಬರೆದಿಟ್ಟುಕೊಳ್ಳುವುದು, ದೊಡ್ಡ ಕೆಲಸವನ್ನು ತುಂಡು ಮಾಡಿಕೊಳ್ಳುವುದು ಇಂಥದ್ದನ್ನು ಕಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ. ಮಾತ್ರೆ ತೆಗೆದುಕೊಂಡೂ ಪೂರ್ತಿ ಸರಿಹೋಗದ ದೊಡ್ಡವರಿಗೆ ಇದು ನೆರವಾಗುತ್ತದೆ ಎಂದು 2010ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ಮಗನಿಗೆ ಇದನ್ನು ಯಾರಾದರೂ ಹೇಳಿದ್ದಾರೋ ಇಲ್ಲವೋ, ವಿಚಾರಿಸಿ.

ಕೊನೆಗೆ, ಐದು ವರ್ಷದ ಮೊಮ್ಮಗಳಿಗೂ ಬರುತ್ತದಾ ಎಂದು ಕೇಳಿದ್ದೀರಿ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು, ಶೇ. 74ರಷ್ಟು ಎನ್ನುತ್ತಾರೆ. ಅಪ್ಪನಿಗಿದ್ದರೆ ಮಗಳಿಗೆ ಬಂದೇ ಬರುತ್ತದೆ ಎಂದು ಇದರ ಅರ್ಥವಲ್ಲ. ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು, ಅಷ್ಟೇ. ಐದನೇ ವಯಸ್ಸಿನಲ್ಲಿ ಕೂತಲ್ಲಿ ಕೂರದಿರುವುದು ಎಷ್ಟೋ ಮಕ್ಕಳ ಸ್ವಭಾವ, ಇದು ನಿಮಗೆ ನಾನು ಹೇಳಬೇಕಿಲ್ಲ. ಮನೆಯಲ್ಲೂ ಶಾಲೆಯಲ್ಲೂ ಒಂದೇ ದೂರು, ಅದೂ ಆರು ತಿಂಗಳಿಗೂ ಮೀರಿ ಬರುತ್ತಿದ್ದರೆ ಮಾತ್ರ ಮಕ್ಕಳ ಮನೋವೈದ್ಯರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಆ ವಯಸ್ಸಿನಲ್ಲಿ ಮೊದಲಿಗೆ ಕೊಡುವುದು ಮಾತ್ರೆಯನ್ನಲ್ಲ. ಮಗುವಿನ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಅಪ್ಪ ಅಮ್ಮನಿಗೆ ತರಬೇತಿ ಕೊಡುತ್ತಾರೆ. ರಜೆಗೆ ಮೊಮ್ಮಗಳು ನಿಮ್ಮಲ್ಲೇ ಇರುವುದಾದರೆ ನೀವೂ ಅಜ್ಜಿಯೂ ಆ ತರಬೇತಿಗೆ ಕೂರಬಹುದು, ಕೇಳಿ ನೋಡಿ.

ಇಂತಿ,
ಸಂಪಾದಕ