ಆ ಟಿಕೆಟ್ಟಿನ ಮೇಲೆ ಏನಿತ್ತು?

ನಮ್ಮ ವಾರಪತ್ರಿಕೆಗೆ ನೀವು ಕಳಿಸಿದ ‘ಅಜ್ಜನ ಟ್ರಂಕು’ ಲೇಖನ ತಲುಪಿತು. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಹಾದಿಯಲ್ಲಿ ಹಳಿ ಬದಲಿಸುವ, ಬಾವುಟ ತೋರಿಸುವ ಪಾಯಿಂಟ್ಸ್‌ಮನ್ ಆಗಿದ್ದ ಅಜ್ಜ, ಅಟ್ಟದ ಮೇಲೆ ಅವರ ಟ್ರಂಕು, ಅದರಲ್ಲಿ ರೈಲ್ವೆಯ ಹಳೇ ಸಾಮಾನು. ವಿಷಯ ಒಳ್ಳೆಯದು, ಭಾಷೆಯೂ ಸರಾಗವಾಗಿದೆ. ಆದರೆ ಎರಡನೇ ಪುಟದ ಹೊತ್ತಿಗೆ ನನಗೆ ಸಿಟ್ಟು ಬಂತು.

“ಮೀಟರ್ ಗೇಜ್ ಹೋದ ದಿನ ಹಳಿಗಳು ಕಣ್ಣೀರಿಟ್ಟವು.” ಹಳಿ ಅಳಲ್ಲ. ದಾರಿ ಬ್ರಾಡ್ ಗೇಜ್ ಆಗಿ ಹಳಿಗಳ ನಡುವಿನ ಅಂತರ 1000 ಮಿಲಿಮೀಟರಿನಿಂದ 1676ಕ್ಕೆ ಹೋಯಿತು, ಅಜ್ಜ ಬಾವುಟ ತೋರಿಸಿದ ಒಂದೇ ಒಂದು ಬೋಗಿಯೂ ಇನ್ನು ಆ ದಾರಿಯಲ್ಲಿ ಓಡಲಾರದು. ಇಷ್ಟು ಹೇಳಿದ್ದರೆ ಸಾಕಿತ್ತು, ಅಳೋದನ್ನ ಓದುಗರಿಗೆ ಬಿಡಿ.

“ಹಳೇ ಟಿಕೆಟ್ಟೊಂದು ಸಿಕ್ಕಿತು, ನೆನಪುಗಳ ಮೆರವಣಿಗೆ ಹೊರಟಿತು.” ಯಾವ ಟಿಕೆಟ್ಟು? ಸಾಗರದಿಂದಲಾ, ಆನಂದಪುರದಿಂದಲಾ? ಎಷ್ಟು ದುಡ್ಡು? ಆ ರಟ್ಟಿನ ಟಿಕೆಟ್ಟಿನಲ್ಲಿ ನಂಬರ್ ಇರುತ್ತೆ, ಮೆಷಿನ್ನಿಗೆ ಕೊಟ್ಟು ಒತ್ತಿದ ತಾರೀಖು ಇರುತ್ತೆ. ನೀವು ಒಂದನ್ನೂ ಹೇಳಿಲ್ಲ. ಮುಂದಿನ ಸಾಲು ಓದಿ ಎದೆ ಧಸಕ್ಕೆಂದಿತು: “ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದೆ.” ಆ ಬಿಸಿಗೆ ಅಂಟು ಕಾಗದಕ್ಕೆ ಇಳಿದುಬಿಡುತ್ತೆ, ಮತ್ತೆ ಬಿಡಿಸೋಕಾಗಲ್ಲ.

“ಅಜ್ಜನ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹುಳಿ ಹಾಕಿ ಫಳಫಳ ಹೊಳೆಯಿಸಿದೆ.” ಅದರ ಮೇಲೆ ‘ಎಂ.ಎಸ್.ಆರ್.’ ಅಂತ ಇತ್ತಾ? ಇದ್ದರೆ ಅದು ಮೈಸೂರು ಸ್ಟೇಟ್ ರೈಲ್ವೆಯದು, ಅಂದರೆ 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆ ಆಗುವುದಕ್ಕೂ ಹಿಂದಿನದು. ಮೂರಕ್ಷರದಲ್ಲಿ ಅಜ್ಜನ ಕೆಲಸದ ಕಾಲವೇ ಇದೆ, ನೀವದನ್ನು ಉಜ್ಜಿ ಸವೆಸ್ತಿದ್ದೀರಿ.

ನಾನೂ ಸಾಚಾ ಅಲ್ಲ. ವಾರಪತ್ರಿಕೆಗೆ ಸೇರಿದ ಹೊಸದರಲ್ಲಿ ರೈಲ್ವೆ ಟೋಕನ್ ಬಗ್ಗೆ, ಅಂದರೆ ಒಂಟಿ ಹಳಿಯಲ್ಲಿ ಮುಂದಿನ ಸ್ಟೇಷನ್ನಿನವರೆಗೆ ಹೋಗಲು ಚಾಲಕನಿಗೆ ಕೊಡುತ್ತಿದ್ದ ಅನುಮತಿಯ ಗುರುತಿನ ಬಗ್ಗೆ ಬರೆಯುತ್ತಾ ‘ಚಾಲಕನ ಕೈಯಲ್ಲಿ ಸಾವಿರ ಪ್ರಾಣಗಳ ಚೆಂಡು’ ಅಂತ ಹೊಸೆದಿದ್ದೆ. ಹಿರಿಯ ಉಪಸಂಪಾದಕರು ಕನ್ನಡಕ ಇಳಿಸಿ, “ಅದನ್ನ ಮುಟ್ಟಿದ್ದೀಯೇನಯ್ಯಾ?” ಅಂದರು. ಮುಟ್ಟಿರಲಿಲ್ಲ. ಮಾರನೇ ದಿನ ಒಂದು ಸಣ್ಣ ಸ್ಟೇಷನ್ನಿಗೆ ಹೋದೆ. ಮಾಸ್ಟರು ನಕ್ಕು ಅಂಗೈಗಿಟ್ಟರು. ಕೈತುಂಬುವ ಲೋಹದ ಚೆಂಡು, ಮೈಮೇಲೆ ಕೆತ್ತಿದ ಅಕ್ಷರ. ಒಂದು ಚೆಂಡು ಹೊರಬಂದರೆ ಆ ಹಾದಿಯ ಎರಡೂ ತುದಿಯ ಸ್ಟೇಷನ್ನಿನ ಟೋಕನ್ ಮೆಷಿನ್ನಿಗೆ ಬೀಗ, ಅದು ವಾಪಸ್ ಮೆಷಿನ್ನಿಗೆ ಬೀಳುವವರೆಗೆ ಇನ್ನೊಂದು ಬರಲ್ಲ. ಅದನ್ನ ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಓಡುವ ಎಂಜಿನ್ನಿಗೆ ಎತ್ತಿ ಹಿಡೀತಿದ್ದರು. ಎಣ್ಣೆ ವಾಸನೆ ಸಂಜೆವರೆಗೂ ಕೈಯಲ್ಲೇ ಇತ್ತು. ಅಚ್ಚಾಗಿದ್ದು ಆ ವಾಸನೆ, ಪ್ರಾಣದ ಚೆಂಡು ಕಸದ ಬುಟ್ಟಿಗೆ ಹೋಯಿತು.

ನಿಮ್ಮ ಲೇಖನ ವಾಪಸ್ ಕಳಿಸ್ತಿದ್ದೀನಿ. ಆ ಪ್ಲಾಸ್ಟಿಕ್ ಕೀಳೋಕೆ ಹೋಗಬೇಡಿ, ಟಿಕೆಟ್ಟೇ ಹರಿದೀತು. ಎರಡೂ ಬದಿಯ ಫೋಟೋ ತೆಗೆದು ಕಳಿಸಿ, ಬಿಲ್ಲೆಯ ಹಿಂಬದಿಯದೂ ಇರಲಿ. ಅಲ್ಲಿಗಿನ್ನೂ ಹುಣಸೆಹಣ್ಣು ತಾಗಿಲ್ಲ ತಾನೇ?