ಸಂಪಾದಕರ ಉತ್ತರ: ಬಣ್ಣದ ಹಿಂದಿನ ಗಾರೆ

ಮಾನ್ಯರೇ,

ಹಾವೇರಿಯಿಂದ ನೀವು ಬರೆದ ದೀರ್ಘ ಪತ್ರ ತಲುಪಿತು. ಕಳೆದ ಸಂಚಿಕೆಯಲ್ಲಿ ಬಂದ ಚೀನಾದ ಥೀಮ್ ಪಾರ್ಕ್‌ಗಳ ಲೇಖನ ನಿಮಗೆ ಹಿಡಿಸಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು ನೀವು. ಮಗಳ ಮನೆಗೆಂದು ಶೆನ್‌ಜೆನ್‌ಗೆ ಹೋಗಿದ್ದಾಗ ಒಂದು ಹಳೆಯ ಉದ್ಯಾನದಲ್ಲಿ ಬಂಡೆಯಂತೆ ಕಾಣುವ ಗೋಡೆಯನ್ನು ತಟ್ಟಿ ನೋಡಿದ್ದೀರಿ. ಅದು ಟೊಳ್ಳು ಸದ್ದು ಮಾಡಿದೆ. ಮೂಲೆಯಲ್ಲಿ ಮೇಲ್ಪದರ ಸೀಳಿ, ಒಳಗಿನ ಕಂಬಿ ತುಕ್ಕು ಹಿಡಿದದ್ದು ಕಂಡಿದೆ. ಅಮೆರಿಕದ ಡಿಸ್ನಿ ಮತ್ತು ಯೂನಿವರ್ಸಲ್ ಕಂಪನಿಗಳ ಉದ್ಯಾನ ಬಿಟ್ಟರೆ ಅಲ್ಲಿ ಉಳಿದದ್ದೆಲ್ಲ ನಕಲು, ಚೀನೀಯರ ಕೆಲಸ ಜಪಾನಿನವರ ಮಟ್ಟಕ್ಕೆ ಬರದು, ನಮ್ಮ ಲೇಖನಕ್ಕೆ ಅಳತೆಗೋಲೇ ಇರಲಿಲ್ಲ ಎಂದು ಬರೆದಿದ್ದೀರಿ. ಇಂಥ ಕೆಲಸ ನಮ್ಮಲ್ಲಂತೂ ಸಾಧ್ಯವೇ ಇಲ್ಲ ಎಂದೂ ಸೇರಿಸಿದ್ದೀರಿ. ಮೊಮ್ಮಕ್ಕಳೊಂದಿಗೆ ಮತ್ತೆ ಹೋಗುವುದಾದರೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೂ ಇದೆ.

ಅಳತೆಗೋಲಿನ ಪ್ರಶ್ನೆ ಒಳ್ಳೆಯದು. ಉಳಿದ ಆಕ್ಷೇಪಗಳನ್ನು ನಾನು ಒಪ್ಪಲಾರೆ. ನಿಮ್ಮ ಬೆರಳು ತಟ್ಟಿದ ಆ ಗೋಡೆಯಿಂದಲೇ ಶುರುಮಾಡುತ್ತೇನೆ.

ಥೀಮ್ ಪಾರ್ಕಿನ ಬಂಡೆಗಳೆಲ್ಲ ಟೊಳ್ಳೇ. ಶಾಂಘೈನಲ್ಲೂ ಅಷ್ಟೆ, ಟೋಕಿಯೊದಲ್ಲೂ ಅಷ್ಟೆ. ಉಕ್ಕಿನ ಚೌಕಟ್ಟು ನಿಲ್ಲಿಸಿ, ಬಾಗಿಸಿದ ಕಂಬಿಗಳಿಂದ ಬೆಟ್ಟದ ಉಬ್ಬುತಗ್ಗು ಕಟ್ಟಿ, ಮೇಲೆ ಜಾಲರಿ ಹೊದಿಸಿ, ಅದರ ಮೇಲೆ ಗಾರೆಯನ್ನು ಚಿಮ್ಮಿಸುತ್ತಾರೆ. ಗಾರೆ ಗಟ್ಟಿಯಾಗುವ ಮುನ್ನ ಕೆಲವೇ ಗಂಟೆಗಳಲ್ಲಿ ಶಿಲ್ಪಿಗಳು ಬಿರುಕು, ಪದರ, ಸವೆತಗಳನ್ನು ಕೈಯಿಂದ ಕೆತ್ತಬೇಕು. ಅದು ಒಣಗಿದ ಮೇಲೆ ಮೂಲಬಣ್ಣ, ಅದರ ಮೇಲೆ ನೀರಾದ ಬಣ್ಣಗಳನ್ನು ಪದರ ಪದರವಾಗಿ ಇಳಿಬಿಟ್ಟು ಮಳೆಯ ಕಲೆ, ಪಾಚಿಯ ಛಾಯೆ ತರುತ್ತಾರೆ. ಕಡಿಮೆ ಖರ್ಚಿನ ದಾರಿಯೆಂದರೆ ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್ ತುಂಡುಗಳನ್ನು ತಂದು ಜೋಡಿಸುವುದು. ಜನರ ಕೈಗೆ ಎಟುಕದ ಎತ್ತರದಲ್ಲಿ ಫೈಬರ್ ಇದ್ದರೆ ದೋಷವಿಲ್ಲ. ಮಕ್ಕಳು ಹತ್ತುವ, ಬೆನ್ನು ಒರಗಿಸುವ, ಉಗುರಿನಿಂದ ಕೆರೆಯುವ ಮಟ್ಟದಲ್ಲಿ ಅದನ್ನು ಇಟ್ಟರೆ ಕೆಲವೇ ವರ್ಷಗಳಲ್ಲಿ ಅಂಚು ಒಡೆಯುತ್ತದೆ. ಒಡೆದಲ್ಲಿ ನೀರು ಇಳಿಯುತ್ತದೆ, ಇಳಿದ ನೀರಿಗೆ ಹೊರದಾರಿ ಇಲ್ಲದಿದ್ದರೆ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಗ್ಗಿ ಮೇಲ್ಪದರವನ್ನೇ ಸೀಳುತ್ತದೆ. ಸೇತುವೆಗಳ ಕೆಳಗೆ ಇದನ್ನು ನೀವು ಎಷ್ಟೋ ಸಲ ಕಂಡಿರುತ್ತೀರಿ. ಶೆನ್‌ಜೆನ್‌ನಲ್ಲಿ ನಿಮಗೆ ಕಂಡದ್ದು ತಪ್ಪು ಜಾಗದಲ್ಲಿ ಬಳಸಿದ ಸಾಮಗ್ರಿ, ಯೋಚಿಸದೆ ಬಿಟ್ಟ ನೀರಿನ ದಾರಿ, ಆಮೇಲೆ ವರ್ಷಗಟ್ಟಲೆ ಯಾರೂ ತಿರುಗಿ ನೋಡದಿದ್ದುದು. ಇದರ ಹೊಣೆಯನ್ನು ಒಂದು ದೇಶದ ಕೆಲಸಗಾರರ ಮೇಲೆ ಹೊರಿಸಬಾರದು.

ಏಕೆಂದರೆ ಅದೇ ದೇಶದ ಕೈಗಳೇ ಶಾಂಘೈ ಡಿಸ್ನಿಲ್ಯಾಂಡನ್ನೂ ಕಟ್ಟಿವೆ. ಸುಮಾರು 550 ಕೋಟಿ ಡಾಲರ್ ವೆಚ್ಚದ ಆ ತಾಣ 2016ರ ಜೂನ್ 16ರಂದು ತೆರೆಯಿತು. ಅದರಲ್ಲಿ ಶೇ 57ರ ಪಾಲು ಶಾಂಘೈನ ಸರ್ಕಾರಿ ಒಡೆತನದ ಶೆಂಡಿ ಸಮೂಹದ್ದು, ಡಿಸ್ನಿಯದು ಶೇ 43 ಮಾತ್ರ. ಕಂಬಿ ಕಟ್ಟಿದವರು, ಗಾರೆ ಮೆತ್ತಿದವರು, ಬಣ್ಣ ಹಚ್ಚಿದವರು ಬಹುಪಾಲು ಚೀನೀಯರು. ಕೋಟೆಯ ಮುಂದಿನ ತೋಟದಲ್ಲಿ ಚೀನೀ ಪಂಚಾಂಗದ ಹನ್ನೆರಡು ಪ್ರಾಣಿಗಳನ್ನು ಡಿಸ್ನಿಯ ಪಾತ್ರಗಳಾಗಿ ತೋರಿಸುವ ಮೊಸಾಯಿಕ್ ಭಿತ್ತಿಗಳಿವೆ. ಅವುಗಳ ಮುಂದೆ ನಿಂತು ಹರಳು ಹರಳನ್ನೂ ನೋಡಿ, ಆಮೇಲೆ ಚೀನೀಯರಿಗೆ ನಯವಾದ ಕೆಲಸ ಬರುವುದಿಲ್ಲ ಎಂದು ಹೇಳುವುದು ಯಾರಿಗೂ ಸಾಧ್ಯವಾಗದು.

ಹಾಗೆಂದು ಡಿಸ್ನಿ ಎಂಬ ಹೆಸರೇ ಖಾತರಿ ಪತ್ರವೂ ಆಗುವುದಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ತೆರೆದಾಗ ಅದು ತೀರ ಚಿಕ್ಕದು, ನೋಡುವುದಕ್ಕೆ ಏನೂ ಸಾಲದು ಎಂಬ ದೂರು ಎಲ್ಲ ಕಡೆಯಿಂದ ಬಂದಿತ್ತು. ಶಾಂಘೈನ ಒಂದೇ ಆವರಣದೊಳಗೂ ಎರಡು ಮಟ್ಟದ ಕೆಲಸವಿದೆ. 2018ರಲ್ಲಿ ಸೇರಿಸಿದ ಟಾಯ್ ಸ್ಟೋರಿ ವಿಭಾಗ ಮೂರು ಸಾಮಾನ್ಯ ಸವಾರಿಗಳಿಗೆ ದೊಡ್ಡ ಆಟಿಕೆಗಳ ಅಲಂಕಾರ ತೊಡಿಸಿದಂತಿದೆ. ಬೇಲಿಯ ಬಣ್ಣ ಚೆನ್ನಾಗಿದೆ, ಆದರೆ ತಲೆಯೆತ್ತಿದರೆ ಬಯಲು ಕಾಣುತ್ತದೆ, ನೀವು ಎಲ್ಲಿದ್ದೀರಿ ಎಂಬುದು ಕ್ಷಣಕ್ಷಣಕ್ಕೂ ನೆನಪಾಗುತ್ತದೆ. 2023ರ ಡಿಸೆಂಬರ್ 20ರಂದು ತೆರೆದ ಜುಟೋಪಿಯ ಎಂಬ ಚಲನಚಿತ್ರದ ವಿಭಾಗಕ್ಕೆ ಕಾಲಿಟ್ಟರೆ ಒಂದು ನಗರವೇ ಸುತ್ತಲೂ ಎದ್ದು ನಿಲ್ಲುತ್ತದೆ. ಕಣ್ಣು ಹೋದಲ್ಲೆಲ್ಲ ಕಟ್ಟಡ, ಅಂಗಡಿಯ ಫಲಕ, ಇನ್ನೊಂದು ಓಣಿಯ ಸುಳಿವು. ಸವಾರಿಯ ವಾಹನ ಹಳಿಯಿಲ್ಲದೆ ತನ್ನ ದಾರಿ ತಾನೇ ಹುಡುಕಿಕೊಂಡು ಹೋಗುತ್ತದೆ. ಕಂಪನಿ ಒಂದೇ, ಊರು ಒಂದೇ, ಕೆಲಸಗಾರರ ಮಾರುಕಟ್ಟೆಯೂ ಒಂದೇ. ಬದಲಾದದ್ದು ಎಷ್ಟು ಖರ್ಚು ಮಾಡಬೇಕು, ಯಾವುದನ್ನು ಮುಚ್ಚಬೇಕು ಎಂಬ ತೀರ್ಮಾನ. ಥೀಮಿಂಗ್‌ನಲ್ಲಿ, ಅಂದರೆ ಉದ್ಯಾನವನ್ನು ಒಂದು ಕಥೆಯ ಲೋಕದಂತೆ ಕಟ್ಟುವುದರಲ್ಲಿ, ಮುಚ್ಚುವುದೇ ಅರ್ಧ ಕೆಲಸ. ಹಿಂದಿನ ಗೋದಾಮು, ಪಕ್ಕದ ರಸ್ತೆ, ಹವಾನಿಯಂತ್ರಣದ ಯಂತ್ರಗಳು, ಸವಾರಿಯ ಕಂಬಗಳು ಇವೆಲ್ಲ ಸಂದರ್ಶಕನ ಕಣ್ಣಿಗೆ ಬೀಳದಂತೆ ಗೋಡೆ, ಮರ, ದಿಬ್ಬಗಳನ್ನು ಎಲ್ಲಿಡಬೇಕೆಂದು ನಕಾಶೆಯ ಹಂತದಲ್ಲೇ ನಿರ್ಧರಿಸಿರಬೇಕು.

ಹವಾಮಾನಕ್ಕೆ ಉತ್ತರ ಕೊಟ್ಟ ಕಟ್ಟಡವನ್ನು ನೋಡಬೇಕಾದರೆ ಬೀಜಿಂಗಿಗೆ ಹೋಗಬೇಕು. 2021ರ ಸೆಪ್ಟೆಂಬರ್ 20ರಂದು ತೋಂಗ್‌ಜೋವಿನಲ್ಲಿ ತೆರೆದ ಯೂನಿವರ್ಸಲ್ ಬೀಜಿಂಗ್‌ನಲ್ಲೂ ಶೇ 70ರ ಪಾಲು ಚೀನಾದ್ದೇ. ಬೀಜಿಂಗಿನ ಚಳಿಗಾಲದಲ್ಲಿ ಕೂದಲೆಳೆಯಷ್ಟು ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ಮರುರಾತ್ರಿ ಮತ್ತೆ ಹಿಗ್ಗುತ್ತದೆ. ಗಾರೆಯ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಶತ್ರು ಇಲ್ಲ. ಅಲ್ಲಿನ ಕುಂಗ್‌ಫು ಪಾಂಡ ವಿಭಾಗವನ್ನು ಪೂರ್ತಿಯಾಗಿ ಸೂರಿನ ಕೆಳಗೆ ಕಟ್ಟಿದ್ದಾರೆ. ಕಣಿವೆ, ಹಳ್ಳಿ, ಕಂದೀಲು ಎಲ್ಲವೂ ಒಳಾಂಗಣದಲ್ಲಿವೆ. ಬಿಸಿಲು ಬಣ್ಣವನ್ನು ತಿನ್ನುವುದಿಲ್ಲ, ಬೆಳಕು ಸಂಜೆಯದೋ ಇರುಳಿನದೋ ಎಂಬುದು ವಿನ್ಯಾಸಕಾರರ ಕೈಯಲ್ಲಿರುತ್ತದೆ, ಚಳಿಗಾಲದ ಮಧ್ಯಾಹ್ನ ಮಕ್ಕಳು ನಡುಗದೆ ಓಡಾಡುತ್ತಾರೆ. ಚೀನಾದ ಉದ್ಯಾನಗಳಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದೆಂದು ಕಂಡ ನಿರ್ಧಾರ ಇದು.

ಇನ್ನು ನಕಲಿನ ಮಾತು. ನಕಲು ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. 1986ರಲ್ಲಿ ತೆರೆದ ಬೀಜಿಂಗಿನ ಶಿಜಿಂಗ್‌ಶಾನ್ ಉದ್ಯಾನ ಡಿಸ್ನಿಯ ಪಾತ್ರಗಳನ್ನು ಹೋಲುವ ವೇಷಗಳಿಂದಾಗಿ 2007ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. 2011ರಲ್ಲಿ ಚಾಂಗ್‌ಜೋವಿನಲ್ಲಿ ಬಂದ ಜಾಯ್‌ಲ್ಯಾಂಡ್ ಅಮೆರಿಕದ ಕಂಪ್ಯೂಟರ್ ಆಟಗಳ ಲೋಕವನ್ನು ಅನುಮತಿ ಇಲ್ಲದೆಯೇ ಎತ್ತಿಕೊಂಡಿತು. ಆದರೆ ಇದೇ ಮಾತನ್ನು ಫಾಂಟಾವೈಲ್ಡ್ ಸಮೂಹದ ಬಗ್ಗೆ ಹೇಳಿದರೆ ಅನ್ಯಾಯವಾಗುತ್ತದೆ. ಶೆನ್‌ಜೆನ್ ಮೂಲದ ಈ ಕಂಪನಿ ಸವಾರಿಯ ಯಂತ್ರಗಳನ್ನೂ ಪರದೆಯ ಚಿತ್ರಗಳನ್ನೂ ಬಹುಮಟ್ಟಿಗೆ ತಾನೇ ತಯಾರಿಸುತ್ತದೆ. ಅದರ ಕಥೆಗಳು ಚೀನಾದ ಮನೆಮನೆಯ ಕಥೆಗಳು. ಆಕಾಶ ಬಿರಿದಾಗ ಅದಕ್ಕೆ ತೇಪೆ ಹಾಕಿದ ದೇವತೆ ನೂವಾ, ಮಹಾಗೋಡೆಯ ಬಿಟ್ಟಿದುಡಿಮೆಯಲ್ಲಿ ಸತ್ತ ಗಂಡನಿಗಾಗಿ ಗೋಡೆ ಕುಸಿಯುವಂತೆ ಅತ್ತ ಮೆಂಗ್ ಜಿಯಾಂಗ್, ಗಂಡನನ್ನು ಬಿಡಿಸಿಕೊಳ್ಳಲು ಜಿನ್‌ಶಾನ್ ದೇಗುಲವನ್ನೇ ನೀರಿನಲ್ಲಿ ಮುಳುಗಿಸಹೊರಟ ಬಿಳಿಹಾವಿನ ಹೆಣ್ಣು. ಈ ಕೊನೆಯ ಕಥೆಯ ಪ್ರದರ್ಶನದಲ್ಲಿ ನಿಜವಾದ ನೀರು ಪ್ರೇಕ್ಷಕರ ಎದುರಿಗೇ ನುಗ್ಗಿ ಬರುತ್ತದೆ. ಕತ್ತಲೆಯ ಒಳಾಂಗಣ ಸವಾರಿಗಳಲ್ಲಿ ಇವರ ಸಾಮರ್ಥ್ಯ ದೊಡ್ಡದು. ಹೊರಗೆ ಬಂದರೆ ಮಾತು ಬೇರೆ. ಕಟ್ಟಡದ ಮುಖಕ್ಕೆ ಮಾತ್ರ ಅಲಂಕಾರ, ಪಕ್ಕಕ್ಕೆ ತಿರುಗಿದರೆ ಬರೀ ತಗಡಿನ ಶೆಡ್ಡು, ಒಂದು ಆಕರ್ಷಣೆಯಿಂದ ಇನ್ನೊಂದಕ್ಕೆ ಬಿಸಿಲಿನ ಕಾಂಕ್ರೀಟ್ ಬಯಲು. ಒಂದೇ ಸವಾರಿಯನ್ನು ಹಲವು ನಗರಗಳಲ್ಲಿ ಮತ್ತೆ ಮತ್ತೆ ಕಟ್ಟುವುದರಿಂದ ಖರ್ಚು ಇಳಿಯುತ್ತದೆ, ಟಿಕೆಟ್ ಅಗ್ಗವಾಗುತ್ತದೆ, ಸಣ್ಣ ನಗರಗಳ ಮಕ್ಕಳಿಗೂ ಸಿಗುತ್ತದೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಊರಿನ ಗುರುತು ಎಲ್ಲೂ ಅಂಟುವುದಿಲ್ಲ.

ಝೂಹಾಯ್‌ನ ಹೆಂಗ್‌ಚಿನ್ ದ್ವೀಪದಲ್ಲಿ 2014ರಲ್ಲಿ ತೆರೆದ ಚಿಮೆಲಾಂಗ್ ಓಶನ್ ಕಿಂಗ್‌ಡಮ್ ಇದಕ್ಕೆ ಉಲ್ಟಾ. ಅಲ್ಲಿ ಎಲ್ಲವೂ ಭಾರಿ ಗಾತ್ರದ್ದು. ತಿಮಿಂಗಿಲ ಶಾರ್ಕ್‌ಗಳ ಮುಖ್ಯ ತೊಟ್ಟಿಯೊಂದರಲ್ಲೇ 2.27 ಕೋಟಿ ಲೀಟರ್ ನೀರು. ಅದರ ಮುಂದಿನ ಅಕ್ರಿಲಿಕ್ ಗಾಜು 39.6 ಮೀಟರ್ ಉದ್ದ, 8.3 ಮೀಟರ್ ಎತ್ತರ. ಆ ನೀರಿನ ಒತ್ತಡವನ್ನು ತಡೆದು ನಿಂತ ಗಾಜಿನಲ್ಲಿ ಕಣ್ಣಿಗೆ ಒಂದು ಬೆಸುಗೆಯೂ ಕಾಣದು. ಕಟ್ಟುವ ಗುಣಮಟ್ಟ ಎಂದರೆ ಬರೀ ಎಂಜಿನಿಯರಿಂಗ್ ಎನ್ನುವುದಾದರೆ ನನ್ನ ಮೊದಲ ಅಂಕ ಇಲ್ಲಿಗೇ. ಕಥೆಯ ಲೆಕ್ಕಕ್ಕೆ ಬಂದರೆ ಅಂಕ ಇಳಿಯುತ್ತದೆ. ಬಣ್ಣದ ಬೃಹತ್ ಮೀನುಗಳು, ನೆತ್ತಿಯ ಮೇಲೆ ಮಿನುಗುವ ದೀಪದ ಚಪ್ಪರ ಒಮ್ಮೆ ಬೆರಗು ಹುಟ್ಟಿಸುತ್ತವೆ. ಎರಡನೆಯ ನೋಟಕ್ಕೆ ಹೊಸದೇನೂ ಸಿಗುವುದಿಲ್ಲ. ದೊಡ್ಡ ಸಮುದ್ರಜೀವಿಗಳನ್ನು ಹೀಗೆ ತೊಟ್ಟಿಯಲ್ಲಿ ಇಡುವುದನ್ನು ನಾನು ಒಪ್ಪುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಈಗ ನಿಮ್ಮ ತುಕ್ಕು ಹಿಡಿದ ಮೂಲೆಗೆ ಮರಳೋಣ. ಅಂಥ ಮೂಲೆಗಳು ಚೀನಾದಲ್ಲಿ ಇಷ್ಟೊಂದು ಏಕಿವೆ? ಉತ್ತರ ಜಮೀನಿನಲ್ಲಿದೆ. 1989ರಲ್ಲಿ ಶೆನ್‌ಜೆನ್‌ನಲ್ಲಿ ಸ್ಪ್ಲೆಂಡಿಡ್ ಚೀನಾ, 1994ರಲ್ಲಿ ಐಫೆಲ್ ಗೋಪುರದಿಂದ ತಾಜ್‌ಮಹಲ್‌ವರೆಗೆ ಎಲ್ಲದರ ಪ್ರತಿಕೃತಿಗಳಿರುವ ವಿಂಡೋ ಆಫ್ ದಿ ವರ್ಲ್ಡ್, 1998ರಲ್ಲಿ ಹ್ಯಾಪಿ ವ್ಯಾಲಿ ಹೀಗೆ ಸಾಲಾಗಿ ಕಟ್ಟಿದ ಓಸಿಟಿ ಸಮೂಹದ ಯಶಸ್ಸನ್ನು ದೇಶವೆಲ್ಲ ನೋಡಿತು. ಉದ್ಯಾನ ಬಂದರೆ ಸುತ್ತಲಿನ ನಿವೇಶನದ ಬೆಲೆ ಏರುತ್ತದೆ, ಏರಿದ ಬೆಲೆಗೆ ಫ್ಲಾಟ್ ಮಾರಬಹುದು. ಉದ್ಯಾನ ಕಟ್ಟುತ್ತೇವೆಂದರೆ ನಗರಾಡಳಿತಗಳು ಜಮೀನನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದವು. ಲಾಭ ಫ್ಲಾಟ್ ಮಾರಾಟದಲ್ಲಿ ಬಂದುಬಿಟ್ಟರೆ ಆಮೇಲೆ ಉದ್ಯಾನಕ್ಕೆ ಬಣ್ಣ ಹೊಡೆಸುವವರು ಯಾರು? 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಥೀಮ್ ಪಾರ್ಕಿನ ಹೆಸರಿನಲ್ಲಿ ರಿಯಲ್ ಎಸ್ಟೇಟ್ ವ್ಯವಹಾರ ನಡೆಸುವುದಕ್ಕೆ ಕಡಿವಾಣ ಹಾಕುವ ಮಾರ್ಗಸೂಚಿ ಹೊರಡಿಸಬೇಕಾಯಿತು. ರಿಯಲ್ ಎಸ್ಟೇಟ್ ಕಂಪನಿ ವಾಂಡಾ ಸಮೂಹದ ಕಥೆ ಇನ್ನೂ ಸ್ಪಷ್ಟ. 2014ರ ಡಿಸೆಂಬರ್‌ನಲ್ಲಿ ವುಹಾನ್‌ನಲ್ಲಿ ಅದ್ಧೂರಿಯಾಗಿ ತೆರೆದ ಅದರ ಚಲನಚಿತ್ರ ಉದ್ಯಾನ 2016ರಲ್ಲಿ ಮುಚ್ಚಿತು. ಅದೇ ವರ್ಷ ಅದರ ಮುಖ್ಯಸ್ಥ ವಾಂಗ್ ಜಿಯಾನ್‌ಲಿನ್, ಒಂದು ಹುಲಿ ತೋಳಗಳ ಹಿಂಡಿಗೆ ಸಾಟಿಯಾಗದು ಎಂಬರ್ಥದ ಮಾತಿನಿಂದ ಡಿಸ್ನಿಗೆ ಸವಾಲು ಹಾಕಿದ್ದರು. 2017ರಲ್ಲಿ ವಾಂಡಾ ತನ್ನ ಪ್ರವಾಸೋದ್ಯಮ ಯೋಜನೆಗಳ ಬಹುಪಾಲನ್ನು ಸುನಾಕ್ ಕಂಪನಿಗೆ ಮಾರಿಬಿಟ್ಟಿತು.

ಆದ್ದರಿಂದ ನೀವು ಕೇಳಿದ ಅಳತೆಗೋಲು ಇದು: ಉದ್ಘಾಟನೆಯ ದಿನ ನೋಡಬೇಡಿ, ಹತ್ತನೆಯ ವರ್ಷದಲ್ಲಿ ನೋಡಿ. ಜಾತ್ರೆ ಹತ್ತಿರ ಬಂದಾಗ ನಮ್ಮೂರುಗಳಲ್ಲಿ ತೇರಿನ ಗಾಲಿ, ಅಚ್ಚು, ಕೀಲುಗಳನ್ನು ಪ್ರತಿ ವರ್ಷ ಬಿಚ್ಚಿ ನೋಡುವಂತೆ ಇಲ್ಲೂ ಯಾರಾದರೂ ನೋಡುತ್ತಿದ್ದಾರೆಯೇ ಎಂಬುದು ಸಣ್ಣ ಜಾಗಗಳಲ್ಲಿ ಗೊತ್ತಾಗುತ್ತದೆ. ಸರತಿ ಸಾಲಿನ ಕಟಕಟೆ, ಕಸದ ಡಬ್ಬಿ, ಶೌಚಾಲಯದ ಬಾಗಿಲು, ನೆಲಕ್ಕೂ ಗೋಡೆಗೂ ನಡುವಿನ ಸಂದು, ತೇಪೆ ಹಚ್ಚಿದಲ್ಲಿ ಬಣ್ಣ ಹೊಂದುತ್ತದೆಯೇ ಇಲ್ಲವೇ ಎಂಬುದು. ಶಾಂಘೈ ಡಿಸ್ನಿಲ್ಯಾಂಡ್ ಹತ್ತು ವರ್ಷಗಳ ನಂತರವೂ ಈ ಪರೀಕ್ಷೆಯಲ್ಲಿ ಮೇಲುಗೈ ಪಡೆಯುತ್ತದೆ ಎಂದು ನಂಬಿದ್ದೇನೆ. ಜಪಾನಿನ ವಿಷಯವೂ ಇಲ್ಲೇ ಇತ್ಯರ್ಥವಾಗುತ್ತದೆ. 2001ರಲ್ಲಿ ತೆರೆದ ಟೋಕಿಯೊ ಡಿಸ್ನಿಸೀಯ ಮಾಲೀಕರು ಒರಿಯಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ. ಡಿಸ್ನಿಗೆ ಸಲ್ಲುವುದು ಪರವಾನಗಿ ಶುಲ್ಕ. ಆ ಮಾಲೀಕರು ದುರಸ್ತಿಗೆ ಕೈಬಿಚ್ಚಿ ಖರ್ಚು ಮಾಡುತ್ತಾರೆ, ಹಾಗಾಗಿ ಅದು ಇಂದಿಗೂ ಜಗತ್ತಿನ ಅತ್ಯುತ್ತಮ ಥೀಮಿಂಗ್‌ಗಳಲ್ಲಿ ಒಂದು.

ಸುರಕ್ಷತೆಯನ್ನು ಇದರೊಂದಿಗೆ ಬೆರೆಸಬೇಡಿ. ಗಾರೆ ಕಿತ್ತುಹೋದ ಉದ್ಯಾನದಲ್ಲಿ ಸ್ವಿಟ್ಜರ್ಲೆಂಡಿನಿಂದ ತಂದ ಅತ್ಯುತ್ತಮ ರೋಲರ್ ಕೋಸ್ಟರ್ ಇರಬಹುದು, ಚೆಂದದ ಗೋಡೆಗಳ ನಡುವೆ ಕೆಟ್ಟ ಯಂತ್ರವೂ ಇರಬಹುದು. 2010ರ ಜೂನ್ 29ರಂದು ಶೆನ್‌ಜೆನ್‌ನ ಓಸಿಟಿ ಈಸ್ಟ್‌ನಲ್ಲಿ ಬಾಹ್ಯಾಕಾಶ ಯಾನದ ಅನುಭವ ಕೊಡುವ ಸವಾರಿಯೊಂದು ಕುಸಿದು ಆರು ಜನ ಸತ್ತರು. 2023ರ ಅಕ್ಟೋಬರ್‌ನಲ್ಲಿ ಅದೇ ನಗರದ ಹ್ಯಾಪಿ ವ್ಯಾಲಿಯಲ್ಲಿ ಕೋಸ್ಟರ್‌ನ ಎರಡು ಗಾಡಿಗಳು ಡಿಕ್ಕಿಯಾಗಿ 28 ಜನ ಆಸ್ಪತ್ರೆ ಸೇರಿದರು. ಬಣ್ಣ ನೋಡಿ ಇದನ್ನು ಮುಂಗಾಣಲು ಯಾರಿಗೂ ಆಗುತ್ತಿರಲಿಲ್ಲ.

ನಮ್ಮಲ್ಲಿ ಸಾಧ್ಯವಿಲ್ಲ ಎಂಬ ನಿಮ್ಮ ಮಾತು ನನಗೆ ನಿಜಕ್ಕೂ ನೋವು ತಂದಿತು. ನಿಮ್ಮದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಉಳುವವರು, ಕುರಿ ಕಾಯುವವರು, ಸಂತೆಯ ಜನ, ಎತ್ತು ಎಮ್ಮೆಗಳು ಎಲ್ಲವೂ ಆಳೆತ್ತರದ ಸಿಮೆಂಟ್ ಶಿಲ್ಪಗಳಾಗಿ ನಿಂತಿವೆ. ಸೀರೆಯ ನೆರಿಗೆ, ದನದ ಪಕ್ಕೆಲುಬು, ಮುದುಕರ ಮುಖದ ಸುಕ್ಕು ನೋಡಿ ಬನ್ನಿ. ಕೌಶಲದ ಕೊರತೆ ನಮಗಿಲ್ಲ. ಅಂಥ ಕೈಗಳನ್ನು ಹತ್ತಾರು ವರ್ಷ ಕೆಲಸದಲ್ಲಿಟ್ಟುಕೊಂಡು ಸಂಬಳ ಕೊಡುವ ಮಾಲೀಕರು ಬೇಕು.

ಮೊಮ್ಮಕ್ಕಳ ಪ್ರವಾಸಕ್ಕೆ ನನ್ನ ಸಲಹೆ: ಮೊದಲು ಶಾಂಘೈ, ಅಲ್ಲಿ ಜುಟೋಪಿಯ ಮತ್ತು ಕಡಲ್ಗಳ್ಳರ ಸವಾರಿಯನ್ನು ಬಿಡಬೇಡಿ. ಆ ದೋಣಿಗಳು ನೀರಿನ ಮೇಲೆ ಪಕ್ಕಕ್ಕೂ ಹಿಂದಕ್ಕೂ ಚಲಿಸುತ್ತವೆ, ಪರದೆ ಎಲ್ಲಿ ಮುಗಿದು ಕಟ್ಟಿದ ಹಡಗು ಎಲ್ಲಿ ಶುರುವಾಯಿತೆಂದು ಎಂಜಿನಿಯರ್ ಕಣ್ಣಿಗೂ ಸುಲಭವಾಗಿ ತಿಳಿಯದು. ಶಾಂಘೈ ದೂರವೆನಿಸಿದರೆ ಮಗಳ ಮನೆಯಿಂದ ಹಾಂಗ್‌ಕಾಂಗ್ ಹತ್ತಿರ. 2005ರ ಆ ಚಿಕ್ಕ ಉದ್ಯಾನ ಈಗ ಬೆಳೆದಿದೆ. 2013ರ ಮಿಸ್ಟಿಕ್ ಮ್ಯಾನರ್ ಎಂಬ ಸವಾರಿಯೊಂದಕ್ಕಾಗಿಯೇ ಹೋಗಬಹುದು. ಆದರೆ ಹಾಂಗ್‌ಕಾಂಗ್‌ಗೆ ದಾಟಿದರೆ ಚೀನಾದ ವೀಸಾದಲ್ಲಿ ಒಂದು ಪ್ರವೇಶ ಮುಗಿದ ಲೆಕ್ಕ, ಮರಳಿ ಶೆನ್‌ಜೆನ್‌ಗೆ ಬರಲು ಇನ್ನೊಂದು ಪ್ರವೇಶ ಬೇಕು. ಅರ್ಜಿ ಹಾಕುವಾಗಲೇ ಅದನ್ನು ಕೇಳಿ. ಭಾರತೀಯರು ಹಾಂಗ್‌ಕಾಂಗ್‌ಗೆ ಹೊರಡುವ ಮುನ್ನ ಅಂತರ್ಜಾಲದಲ್ಲಿ ಮುಂಗಡ ನೋಂದಣಿಯನ್ನೂ ಮಾಡಿಸಿಕೊಳ್ಳಬೇಕು. ಅಕ್ಟೋಬರ್ ಮೊದಲ ವಾರ ಚೀನಾಕ್ಕೆಲ್ಲ ರಾಷ್ಟ್ರೀಯ ರಜೆ, ಆಗ ಎಲ್ಲಿಗೂ ಹೋಗಬೇಡಿ. ನವೆಂಬರ್‌ನ ವಾರದ ನಡುವಿನ ದಿನಗಳು ಒಳ್ಳೆಯವು.

— ಸಂಪಾದಕ