ಮೀನಿನ ನೀರು, ಹಾಲಿನ ತೊಟ್ಟೆ ಮತ್ತು ಪಚ್ಚನಾಡಿಯ ಗುಡ್ಡ

ಕಳೆದ ಸಲ ಕಸದ ಬಗ್ಗೆ ಕೇಳಿ ಅಂದದ್ದಕ್ಕೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಬಾಳೆಹಣ್ಣಿನ ಸಿಪ್ಪೆ, ಉಳಿದ ಅನ್ನ ಎಲ್ಲ ಹೇಗೂ ಮಣ್ಣಾಗುವಂಥದ್ದು. ಅದು ಕಸದ ಗುಡ್ಡಕ್ಕೆ ಹೋದರೆ ಏನು ತೊಂದರೆ? ಪ್ಲಾಸ್ಟಿಕ್ ಮಾತ್ರ ಬೇರೆ ಮಾಡಿ ಕೊಟ್ಟರೆ ಸಾಲದೇ? (ಬಿಜೈಯಿಂದ ಒಬ್ಬ ಓದುಗರು)

ಉತ್ತರ: ನಾನೂ ತುಂಬಾ ವರ್ಷ ಹೀಗೇ ಅಂದುಕೊಂಡಿದ್ದೆ. ಆದರೆ ಗುಡ್ಡದ ಅರ್ಧ ರಗಳೆ ಶುರುವಾಗುವುದೇ ನಿಮ್ಮ ಆ ಸಿಪ್ಪೆಯಿಂದ. ಅಂಗಳದ ಮೂಲೆಯಲ್ಲಿ ಬಿದ್ದ ಸಿಪ್ಪೆಗೆ ಗಾಳಿ ಸಿಗುತ್ತದೆ, ಸುಮ್ನೆ ಮಣ್ಣಾಗುತ್ತದೆ. ಅದನ್ನೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗಂಟು ಕಟ್ಟಿ ಎಸೆದು, ಅದರ ಮೇಲೆ ಮತ್ತೆ ಹತ್ತಾರು ಅಡಿ ಕಸ ಬಿದ್ದರೆ, ಗಾಳಿಯೇ ಇಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ನೋಡಿದರೆ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಏರಿಸುವ ಅನಿಲ. ಬೆಂಕಿಯೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದರೆ ಮೇಲಿನಿಂದ ಎಷ್ಟು ನೀರು ಹೊಯ್ದರೂ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುವುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಮಂಗಳೂರಿನ ಮಳೆ ಗೊತ್ತಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನೀರೆಲ್ಲ ಕೊಳೆತ ಕಸದೊಳಗೆ ಇಳಿದು, ಬ್ಯಾಟರಿ, ಪೈಂಟ್ ಡಬ್ಬದಲ್ಲಿದ್ದದ್ದನ್ನೂ ತೊಳೆದುಕೊಂಡು, ಕಪ್ಪು ರಸವಾಗಿ ಕೆಳಗೆ ಬರುತ್ತದೆ. ಇದಕ್ಕೇ ಲೀಚೇಟ್ ಅನ್ನುವುದು. ತಗ್ಗಿನ ಬಾವಿ, ತೋಡು ಎಲ್ಲದಕ್ಕೂ ಅದೇ ಸೇರುತ್ತದೆ. 2019ರ ಆಗಸ್ಟ್ ನೆನಪಿದೆಯಲ್ಲ? ಮಂಗಳೂರಿನ ಕಸವೆಲ್ಲ ಸುರಿಯುವ ಪಚ್ಚನಾಡಿಯ ರಾಶಿ ಮಳೆಗೆ ನೆನೆದು, ಜಾರಿ, ಕೆಳಗಿನ ಮಂದಾರ ಎಂಬ ಊರಿಗೆ ನುಗ್ಗಿತು. ತೆಂಗು, ಅಡಿಕೆ ತೋಟಗಳು ಕಸದಡಿ ಹೋದವು, ಸುಮಾರು ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಗುಡ್ಡ ಕುಸಿಯುವುದನ್ನು ನಾವು ಮೊದಲೂ ನೋಡಿದ್ದೆವು, ಕಸವೇ ಗುಡ್ಡವಾಗಿ ಕುಸಿಯುವುದನ್ನು ನೋಡಿರಲಿಲ್ಲ.

"ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಮತ್ತೆ ಒಟ್ಟು ಮಾಡ್ತಾರೆ" ಅಂತ ಬೇರೆ ಮೂವರು ಬರೆದಿದ್ದಾರೆ. ಹಾಗೆ ಮಾಡಿದರೆ ಅದು ತಪ್ಪೇ, ಫೋಟೋ ತೆಗೆದು ದೂರು ಕೊಡಿ. ಆದರೆ ಹಸಿ ಕಸ ಮನೆಯಿಂದ ಹೊರಗೇ ಹೋಗದಿದ್ದರೆ ಒಟ್ಟು ಮಾಡಲು ಏನು ಉಳಿಯಿತು? ಉಳಿದ ಪೇಪರ್, ಬಾಟಲಿ ಒಣಗಿದ್ದರೆ ಗುಜರಿಯವರು ತೆಗೆದುಕೊಳ್ಳುತ್ತಾರೆ. ಮೀನಿನ ಸಾರು ಚೆಲ್ಲಿದ ಪೇಪರನ್ನು ಅವರೂ ಮುಟ್ಟುವುದಿಲ್ಲ.

ಪ್ರಶ್ನೆ: ಮಡಕೆಯಲ್ಲಿ ಗೊಬ್ಬರ ಮಾಡಲು ಹೋಗಿ ಮಳೆಗಾಲದಲ್ಲಿ ಹುಳ, ವಾಸನೆ. ಅತ್ತೆಯವರು ಮಡಕೆಯನ್ನೇ ಎತ್ತಿ ಬಿಸಾಡಿ ಅಂದರು. ಮೀನಿನ ತಲೆ, ಬಾಲ ಏನು ಮಾಡುವುದು? (ಸುರತ್ಕಲ್‌ನಿಂದ ಒಬ್ಬ ಓದುಗಿ)

ಉತ್ತರ: ನಿಮ್ಮ ಅತ್ತೆಯವರ ಪರ ನಾನೂ ಇದ್ದೇನೆ, ನಮ್ಮ ಮನೆಯ ಮೊದಲ ಮಡಕೆಗೂ ಅದೇ ಗತಿಯಾಗಿತ್ತು! ಜೂನ್ ಎರಡನೇ ವಾರ ಮುಚ್ಚಳ ತೆಗೆದರೆ ಒಳಗೆ ಗಂಜಿಯ ಹಾಗೆ ಕಪ್ಪು ನೀರು, ಅದರ ಮೇಲೆ ಹುಳ. ತಪ್ಪು ಮಡಕೆಯದ್ದಲ್ಲ, ನನ್ನದು. ಒಣ ವಸ್ತು ಹಾಕಿರಲಿಲ್ಲ. ಒಂದು ಹಿಡಿ ತರಕಾರಿ ಸಿಪ್ಪೆಗೆ ಎರಡು ಹಿಡಿ ಒಣ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಬೇಕು. ತರಗೆಲೆಯನ್ನು ಮಳೆ ಬಂದ ಮೇಲೆ ಹುಡುಕಿದರೆ ಎಲ್ಲಿ ಸಿಗುತ್ತದೆ? ಏಪ್ರಿಲ್‌ನಲ್ಲೇ ಗುಡಿಸಿ ಎರಡು ಗೋಣಿಯಲ್ಲಿ ತುಂಬಿ, ಮಾಡಿನ ಅಡಿ ಇಟ್ಟುಬಿಡಿ. ಮಡಕೆಯ ಬದಿಗೆ ತೂತು ಇರಲಿ, ಎರಡು ದಿನಕ್ಕೊಮ್ಮೆ ಕೋಲಿನಿಂದ ಮಗುಚಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ, ನೀರು ತೊಟ್ಟಿಕ್ಕಿದರೆ ಇನ್ನಷ್ಟು ತರಗೆಲೆ ಹಾಕಿ.

ಮೀನಿನದ್ದನ್ನು ಮಡಕೆಗೆ ಹಾಕಲೇಬೇಡಿ. ಜಾಗ ಇದ್ದರೆ ತೆಂಗಿನ ಮರದಿಂದ ಸ್ವಲ್ಪ ದೂರ ಒಂದೂವರೆ ಅಡಿ ಗುಂಡಿ ತೋಡಿ, ಹಾಕಿ, ಮಣ್ಣು ಮುಚ್ಚಿ, ಮೇಲೆ ಒಂದು ಕಲ್ಲು ಇಡಿ. ಗುಂಡಿ ಆಳ ಇಲ್ಲದಿದ್ದರೆ ರಾತ್ರಿಯೇ ನಾಯಿ ಬಂದು ಕೆದರುತ್ತದೆ. ಮೀನು ತೊಳೆದ ನೀರು ಗಿಡಕ್ಕೆ ಹೊಯ್ಯಿರಿ, ಉಪ್ಪು ಹಾಕಿ ತೊಳೆದ ನೀರು ಮಾತ್ರ ಬೇಡ. ಫ್ಲ್ಯಾಟ್‌ನವರಿಗೆ ಈ ದಾರಿ ಇಲ್ಲ, ಅವರು ಗಾಡಿ ಬರುವ ತನಕ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡುವುದೇ ವಾಸಿ.

ಪ್ರಶ್ನೆ: ನಮ್ಮಲ್ಲಿ ಹಾಲಿನ ತೊಟ್ಟೆ, ಬಿಸ್ಕೆಟ್ ಕವರ್ ಎಲ್ಲ ಬಚ್ಚಲ ಒಲೆಗೆ ಹಾಕುತ್ತೇವೆ. ನೀರೂ ಬಿಸಿಯಾಗುತ್ತದೆ, ಕಸವೂ ಇಲ್ಲ. ಇದು ಒಳ್ಳೆಯದಲ್ವಾ? (ಉಡುಪಿ, ಅಲೆವೂರಿನಿಂದ)

ಉತ್ತರ: ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಮಡಲು ಒದ್ದೆಯಾಗಿದ್ದಾಗ ಒಂದು ತೊಟ್ಟೆ ಹಾಕಿ ಬೆಂಕಿ ಹೊತ್ತಿಸುವುದು ನಮ್ಮ ಕಡೆ ಅರ್ಧಕ್ಕರ್ಧ ಮನೆಗಳ ಅಭ್ಯಾಸ. ಆದರೆ ಬಚ್ಚಲ ಒಲೆಯ ಬೆಂಕಿಗೆ ಪ್ಲಾಸ್ಟಿಕ್ ಪೂರ್ತಿ ಉರಿಯುವುದಿಲ್ಲ. ಅದರ ನಡುವೆ ಒಂದು ಪಿವಿಸಿ (ಪೈಪಿಗೆ ಬಳಸುವ ಪ್ಲಾಸ್ಟಿಕ್) ತುಂಡು ಸೇರಿಕೊಂಡರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹೊಗೆ ಮೊದಲು ಹೋಗುವುದು ಒಲೆಯ ಮುಂದೆ ಕೂತು ಊದುವವರ ಎದೆಗೆ. ಆ ಬೂದಿಯನ್ನೇ ಬಸಳೆಯ ಬುಡಕ್ಕೂ ಹಾಕುತ್ತೀರಿ, ಅಲ್ವಾ? ಬೆಂಕಿ ಹೊತ್ತಿಸಲು ಒಣಗಿದ ಗೆರಟೆ ಸಾಕು. ಹಾಲಿನ ತೊಟ್ಟೆಯನ್ನು ತೊಳೆದು ಕಿಟಕಿಗೆ ನೇತು ಹಾಕಿ, ಒಣಗಿದ ಮೇಲೆ ಕಟ್ಟಿಡಿ. ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಆ ಚೂರು ಯಾರ ಕೈಗೂ ಸಿಗದೆ ತೋಡು ಸೇರುತ್ತದೆ.

ಪ್ರಶ್ನೆ: ಮಗಳ ಮದುವೆ. ಪ್ಲಾಸ್ಟಿಕ್ ಬೇಡವೆಂದು ಪೇಪರ್ ಕಪ್ ಹೇಳಿದ್ದೇವೆ. ಸರಿ ತಾನೇ? (ಕಾಪುವಿನಿಂದ)

ಉತ್ತರ: ಪೇಪರ್ ಕಪ್ ಒಂದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಿಗ್ಗೆ ಒಳಮೈ ಉಗುರಿನಿಂದ ಕೆರೆಯಿರಿ. ತೆಳುವಾದ ಪ್ಲಾಸ್ಟಿಕ್ ಪದರ ಕೈಗೆ ಬರುತ್ತದೆ. ಕಪ್ ಸೋರದೆ ಇರುವುದೇ ಆ ಪದರದಿಂದ. ಊಟಕ್ಕೆ ಬಾಳೆ ಎಲೆ ಹೇಗೂ ಇದೆ, ತಿಂಡಿಗೆ ಅಡಿಕೆ ಹಾಳೆಯ ತಟ್ಟೆ ಇಡಿ. ನೀರಿಗೆ ಸ್ಟೀಲ್ ಲೋಟವೇ ಆಗಲಿ, ಹಾಲ್‌ನವರ ಹತ್ತಿರ ಸಾಮಾನ್ಯವಾಗಿ ಇರುತ್ತದೆ. ತೊಳೆಯುವವರ ಕೂಲಿ ಬೇರೆ ಅಂತಾರೆ, ಚೌಕಾಸಿ ಮಾಡದೆ ಕೊಟ್ಟುಬಿಡಿ.